ಶಾಲಿನಿ ಬಾಗಿಲು ಹಾಕಿಕೊಂಡ ಮಳೆಗಾಲ

ಕಟಕ್ ಎಂದು ಒಂದು ಸದ್ದು. ಅದರ ಬೆನ್ನಿಗೇ ಬೋಲ್ಟ್ ಸರಿಯುವ ಸಣ್ಣ ಕಿರ್ರ್. ಆಮೇಲೆ ಮಳೆ ಮಾತ್ರ.

ಮೂರು ವರ್ಷದ ಹಿಂದಿನ ಆ ಮಳೆಗಾಲವಿಡೀ, ಮಧ್ಯಾಹ್ನ ಊಟವಾಗಿ ತಟ್ಟೆ ತೊಳೆದಿಟ್ಟ ಮೇಲೆ, ನಮ್ಮ ಮನೆಯಲ್ಲಿ ಕೇಳುತ್ತಿದ್ದ ಸದ್ದು ಇದು. ನನ್ನ ತಂಗಿ ಶಾಲಿನಿ ಮುಂಬಾಗಿಲು ಹಾಕಿಕೊಳ್ಳುವ ಸದ್ದು. ಮೊನ್ನೆ ಮೊದಲ ಮಳೆಗೆ ಬಾಗಿಲಿನ ಮರ ಉಬ್ಬಿತ್ತು. ಭುಜ ಕೊಟ್ಟು ತಳ್ಳಿದಾಗ ಅದೇ ಕಟಕ್ ಕೇಳಿಸಿತು. ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಹಾಲು ಉಕ್ಕಿದ ವಾಸನೆ ಬಂದ ಮೇಲೆಯೇ ಎಚ್ಚರವಾದದ್ದು.

ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನಲ್ಲಿ ಹಗಲು ಯಾರೂ ಬಾಗಿಲು ಹಾಕುವುದಿಲ್ಲ. ಪ್ರತಿ ಮನೆಗೂ ಎರಡು ಬಾಗಿಲು. ಹೊರಗಿನದು ಜಾಲರಿಯ ಸೇಫ್ಟಿ ಡೋರ್, ಒಳಗಿನದು ಮರದ್ದು. ಬೆಳಿಗ್ಗೆ ಹಾಲು ಬಂದಾಗ ಮರದ ಬಾಗಿಲು ತೆರೆದರೆ ಅದು ಮತ್ತೆ ಮುಚ್ಚುವುದು ಮಲಗುವಾಗಲೇ. ನಡುವಿನ ಹೊತ್ತೆಲ್ಲ ಜಾಲರಿಯ ಮೂಲಕ ಎಲ್ಲ ಹಾದುಹೋಗುತ್ತದೆ: ಎದುರು ಮನೆಯ ಒಗ್ಗರಣೆ, ಮೇಲಿನವರ ಸೀರಿಯಲ್ಲು, ಕೆಳಗಿನವರ ಜಗಳ. ಮುಚ್ಚಿದ ಮರದ ಬಾಗಿಲು ಕಂಡರೆ ಒಂದೋ ಅವರು ಊರಿಗೆ ಹೋಗಿದ್ದಾರೆ, ಇಲ್ಲವೇ ಯಾರ ಮೇಲೋ ಸಿಟ್ಟಾಗಿದ್ದಾರೆ, ಅದೂ ಅಲ್ಲವಾದರೆ ಆಗಬಾರದ್ದು ಏನೋ ಆಗಿದೆ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಇಲ್ಲಿ ನಾಲ್ಕು ದಿನ ಇದ್ದವರಿಗೆ ತಾನಾಗಿ ತಿಳಿಯುತ್ತದೆ.

ಶಾಲಿನಿ ಇದ್ದ ಊರಿನ ರೀತಿ ಬೇರೆ. ಜರ್ಮನಿಯಲ್ಲಿ, ನೆಕ್ಕರ್ ನದಿಯ ದಂಡೆಯ ಒಂದು ಸಣ್ಣ ಪಟ್ಟಣ. ಅಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೆ ಮೌನದ ಹೊತ್ತು. ಆಗ ಮೊಳೆ ಹೊಡೆಯುವಂತಿಲ್ಲ, ಬೆಲ್ ಮಾಡುವಂತಿಲ್ಲ, ಮಕ್ಕಳು ಮೆಟ್ಟಿಲ ಮೇಲೆ ಓಡುವಂತಿಲ್ಲ. ಭಾನುವಾರ ದಿನವಿಡೀ ಹಾಗೆಯೇ.

ನಾವಿಬ್ಬರೂ ಮಂಗಳೂರಿನಲ್ಲಿ ಒಂದೇ ಕಾನ್ವೆಂಟಿನಲ್ಲಿ ಕಲಿತವರು. ಒಂದೇ ನೀಲಿ ಪಿನಾಫೋರ್, ಒಂದೇ ‘ಗುಡ್ ಮಾರ್ನಿಂಗ್ ಸಿಸ್ಟರ್’. ಮದುವೆ ನನ್ನನ್ನು ಮುಂಬೈಗೆ ತಂದಿತು, ನರ್ಸಿಂಗ್ ಅವಳನ್ನು ಜರ್ಮನಿಗೆ ಒಯ್ದಿತು. ನಾನು ಮಲಾಡ್‌ನ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರಾಗಿ ಚಾಕ್ ಪುಡಿ ನುಂಗುತ್ತ ಮುದುಕಿಯಾದೆ. ಅವಳು ಆಸ್ಪತ್ರೆಯ ವಾರ್ಡುಗಳಲ್ಲಿ ನಡೆದು ನಡೆದು ರಿಟೈರ್ ಆದಳು. ಮದುವೆಯಾಗಲಿಲ್ಲ. ನನಗೆ ಮಕ್ಕಳಿಲ್ಲ. ‘ಕಡೆಗೆ ನಾವಿಬ್ಬರೇ ಒಟ್ಟಿಗೆ ಇರುವ’ ಎಂಬುದು ನಮ್ಮ ಫೋನ್ ಮಾತುಗಳ ಕೊನೆಯ ಸಾಲು, ಅಮೆನ್ ಇದ್ದಹಾಗೆ. ನನ್ನ ಗಂಡ ತೀರಿಕೊಂಡ ಮೇಲೆ ಒಂದು ದಿನ ಅವಳು ಹೇಳಿದಳು:

“ಅಕ್ಕ, ಇನ್ನು ಮುಂದೆ ಹಾಕುದು ಬೇಡ. ಒಂದು ಮಳೆಗಾಲ ನಾನು ಅಲ್ಲಿ ಇದ್ದು ನೋಡ್ತೇನೆ. ಸರಿ ಆದ್ರೆ ಅಲ್ಲೇ. ಆಗದಿದ್ರೆ ನೀನು ಇಲ್ಲಿಗೆ.”

“ಮಳೆಗಾಲ ಯಾಕೆ ಮಾರಾಯ್ತಿ? ಡಿಸೆಂಬರ್‌ಗೆ ಬಾ. ಮುಂಬೈ ಆಗ ಸ್ವಲ್ಪ ಮನುಷ್ಯರ ಹಾಗೆ ಇರ್ತದೆ.”

“ವರ್ಸ್ಟ್ ಸೀಸನ್ ನೋಡಿಬಿಡುವ. ಉಳಿದದ್ದೆಲ್ಲ ಬೋನಸ್.”

ಹಾಗೆ ಅವಳು ಜೂನ್‌ನಲ್ಲಿ ಬಂದಳು. ನಮ್ಮದು ಲಿಫ್ಟ್ ಇಲ್ಲದ ಮೂರನೆಯ ಮಹಡಿ. ವಾಚ್‌ಮನ್ ಸೂಟ್‌ಕೇಸಿಗೆ ಕೈ ಹಾಕಿದರೆ “ನೈ, ನೈ” ಎಂದು ತಾನೇ ಎತ್ತಿಕೊಂಡು ಮೇಲೆ ಬಂದಳು, ಒಂದೊಂದು ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಂಡು. ಎದುರು ಮನೆಯ ಶಕುಂತಲಾ ಶೆಟ್ಟಿ ಜಾಲರಿಯ ಹಿಂದೆ ನಿಂತು ನೋಡುತ್ತಿದ್ದವಳು, “ಟೀಚರೇ, ಇವರು ನಿಮ್ಮ ತಂಗಿಯಾ? ನಿಮ್ಮ ಮಗಳ ಹಾಗೆ ಕಾಣ್ತಾರಲ್ಲ” ಎಂದಳು. ನನಗಿಂತ ಎರಡೇ ವರ್ಷಕ್ಕೆ ಚಿಕ್ಕವಳು ಶಾಲಿನಿ. ಆದರೂ ಶಕುಂತಲಾ ಹೇಳಿದ್ದು ಸುಳ್ಳಾಗಿರಲಿಲ್ಲ. ಬೆನ್ನು ನೇರ, ಬೆಳ್ಳಗಿನ ಬಾಬ್ ಕೂದಲು, ಕಾಲಿಗೆ ದೊಡ್ಡ ಬೂಟು. ಎಪ್ಪತ್ತು ದಾಟಿದ ಮೇಲೂ ವಾರಕ್ಕೆರಡು ಸಲ ಈಜಲು ಹೋಗುತ್ತಿದ್ದಳಂತೆ.

ಮೊದಲ ವಾರಗಳು ಈಗ ನೆನೆದರೆ ನೀರಿನಲ್ಲಿ ತೇಲಿದ ಹಾಗೆ ಇವೆ. ಸಂಜೆ ಕಿಟಕಿಯ ಬಳಿ ಎರಡು ಕುರ್ಚಿ, ಎರಡು ಕಪ್ ಚಹಾ. ಕಾಂಪೌಂಡಿನ ಗುಲ್‌ಮೊಹರ್‌ನಿಂದ ತೊಟತೊಟ ಹನಿ. ರಸ್ತೆಯ ದೀಪಗಳು ಹತ್ತಿದ ಮೇಲೆ ಮಳೆ ಬಿಳಿ ಹಾಳೆಯಿಂದ ಹಳದಿ ಹಾಳೆಯಾಗುತ್ತಿತ್ತು. ನಾವು ಎರಡು ದೇಶಗಳನ್ನು ಮಡಿಲಲ್ಲಿಟ್ಟುಕೊಂಡು, ಮಕ್ಕಳು ಕವಡೆ ಆಡಿದ ಹಾಗೆ, ಒಂದೊಂದೇ ಎಸೆಯುತ್ತಿದ್ದೆವು.

“ನಮ್ಮಲ್ಲಿ ಬಸ್ಸು ಮಂಡಿ ಊರ್ತದೆ. ನೀನು ನೋಡಿದ್ದಿ ಅಲ್ವಾ? ಸ್ಟಾಪಿಗೆ ಬಂದು ಉಸ್ ಅಂತ ನನ್ನ ಕಡೆಗೆ ಬಾಗ್ತದೆ, ಹತ್ತು ತಾಯೀ ಅಂತ.”

“ನಮ್ಮಲ್ಲಿ ಬಸ್ಸು ಬಾಗುದಿಲ್ಲ, ಜನ ಬಾಗ್ತಾರೆ. ಯಾರಾದ್ರೂ ಕೈ ಹಿಡಿದು ಎಳ್ಕೊಳ್ತಾರೆ.”

“ಅದೇ ನಂಗೆ ಬೇಡದ್ದು, ಅಕ್ಕ.”

“ನಿನ್ನ ಊರಲ್ಲಿ ಚಳಿಗಾಲ ನಾಲ್ಕು ಗಂಟೆಗೆ ಕತ್ತಲೆ. ಆಗ ಯಾರ ಹತ್ರ ಮಾತಾಡ್ತಿ?”

“ಪುಸ್ತಕ ಓದ್ತೇನೆ. ಎಲ್ಲರ ಹತ್ರ ಮಾತಾಡ್ತಾ ಇರ್ಬೇಕಾ?”

ಅವಳ ಮನೆಗೆ ನಾನು ಒಮ್ಮೆ ಹೋಗಿದ್ದೆ, ಗಂಡ ಇದ್ದಾಗಲೇ, ಒಂದು ಏಪ್ರಿಲ್‌ನಲ್ಲಿ. ಗಾಜಿನಷ್ಟು ಸ್ವಚ್ಛ ಗಾಳಿ. ಮರಗಳು ಎಲೆ ಬಿಡುವ ಮೊದಲೇ ಹೂ ಬಿಟ್ಟು ನಿಂತಿದ್ದವು. ಫುಟ್‌ಪಾತಿನಲ್ಲಿ ನೆಲ ನೋಡದೆ ನಡೆಯಬಹುದು ಎಂಬುದೇ ನನಗೆ ಸ್ವರ್ಗವಾಗಿ ಕಂಡಿತ್ತು. ಐವತ್ತು ವರ್ಷ ಮುಂಬೈಯಲ್ಲಿ ತಲೆ ತಗ್ಗಿಸಿ ನಡೆದವಳು ಅಲ್ಲಿ ಆಕಾಶ ನೋಡುತ್ತ ನಡೆದೆ. ಆದರೆ ಇಂಗ್ಲಿಷ್ ಟೀಚರ್ ಅಲ್ಲಿ ಮೂಕಿ. ಬೇಕರಿಯವಳ ಎದುರು ಬೆರಳು ತೋರಿಸಿ ನಗುವುದಷ್ಟೇ. ಶಾಲಿನಿ ಈಜಲು ಹೋದಾಗ ನಾನು ಕಿಟಕಿ ತೆರೆದು ಯಾರಾದರೂ ಕೆಮ್ಮಿದ್ದಾದರೂ ಕೇಳಿಸೀತೇ ಎಂದು ಕೂತಿರುತ್ತಿದ್ದೆ. ಆ ಮಾತನ್ನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತು ಎನ್ನಿ.

ಜುಲೈ ಬಂತು. ಬಾಗಿಲಿನ ವಿಚಾರ ಮೆಟ್ಟಿಲು ಮೆಟ್ಟಿಲಿಗೂ ಹಬ್ಬಿತು. ನಮ್ಮಲ್ಲಿ ರೊಟ್ಟಿ ಮಾಡಿ ಪಾತ್ರೆ ತೊಳೆಯಲು ಬರುವ ವಿಜಯಪುರದ ಮುಮ್ತಾಜ್ ಒಂದು ದಿನ ಸೊಂಟಕ್ಕೆ ಕೈಯಿಟ್ಟು ಕೇಳಿದಳು:

“ಬಾಯಾರ, ನಾಕನೇ ಮಜಲಿನವ್ರು ನನ್ನ ಹಿಡದ ಕೇಳಾಕತ್ತಾರ. ಅಕ್ಕಾತಂಗಿ ಮಧ್ಯಾಹ್ನ ಬಾಗಲಾ ಹಾಕ್ಕೊಂಡ ಏನ್ ತಿಂತಾರು, ಯಾರಿಗೂ ಕೊಡಲಾರದಂಗ ಅಂತ.”

“ನಿದ್ದೆ ಮಾಡ್ತೇವೆ ಅಂತ ಹೇಳು.”

“ಹೇಳೇನ್ರೀ. ನಿದ್ದಿಗೆ ಬಾಗಲ ಯಾಕ ಬೇಕು ಅಂತಾರು.”

ಶಾಲಿನಿ ನಕ್ಕಳು. ಆದರೆ ಬಾಗಿಲು ಹಾಕುವುದು ಬಿಡಲಿಲ್ಲ. ಆ ಎರಡು ಗಂಟೆ ಅವಳಿಗೆ ದೇವರಪೂಜೆಯ ಹಾಗೆ. ಕಿವಿಯ ಮೆಶಿನ್ ತೆಗೆದು ಟೇಬಲ್ ಮೇಲಿಡುತ್ತಿದ್ದಳು, ಪರದೆ ಎಳೆಯುತ್ತಿದ್ದಳು, ಅಂಗಾತ ಮಲಗಿ ಎದೆಯ ಮೇಲೆ ಕೈ ಜೋಡಿಸಿಕೊಳ್ಳುತ್ತಿದ್ದಳು. ನೋಡಿದವರಿಗೆ ಗಾಬರಿಯಾಗುವಂಥ ಭಂಗಿ. ವಾರ್ಡಿನಲ್ಲಿ ರೋಗಿಗಳನ್ನು ಮಲಗಿಸಿ ಮಲಗಿಸಿ ಬಂದ ಅಭ್ಯಾಸವಿರಬೇಕು.

ಆ ದಿನ ನಾನು ವಿಲೆ ಪಾರ್ಲೆಗೆ ಹೋಗಿದ್ದೆ. ಕಾನ್ವೆಂಟಿನ ಗೆಳತಿ ಲಿಲ್ಲಿಗೆ ಕಣ್ಣಿನ ಆಪರೇಷನ್ ಆಗಿತ್ತು. ಅವಳ ಕಣ್ಣಿಗೆ ಡ್ರಾಪ್ಸ್ ಹಾಕಿ, ಅವಳ ದೂರುಗಳನ್ನು ಕೇಳಿ ಹೊರಡುವಾಗ ಮಳೆ ಗೋಡೆಯ ಹಾಗೆ ನಿಂತಿತ್ತು. ಲೋಕಲ್ ಅಂಧೇರಿ ದಾಟಿ ಜೋಗೇಶ್ವರಿಯ ಆಚೆ ನಿಂತೇಬಿಟ್ಟಿತು. ಹಳಿಯ ಮೇಲೆ ನೀರು. ಫ್ಯಾನ್‌ಗಳು ತಿರುಗುತ್ತಿದ್ದವು, ಲೇಡೀಸ್ ಡಬ್ಬದ ತುಂಬ ಒದ್ದೆ ದುಪಟ್ಟಾಗಳ ವಾಸನೆ. ಆಗ ಶಕುಂತಲಾಳ ಫೋನ್.

“ಟೀಚರೇ, ಹೆದರ್ಬೇಡಿ. ನಾನು ಪತ್ರೊಡೆ ತಂದಿದ್ದೆ. ಬೆಲ್ ಮಾಡಿದೆ, ಬಡಿದೆ. ನಿಮ್ಮ ತಂಗಿ ಬಾಗಿಲು ತೆಗೀತಾ ಇಲ್ಲ.”

“ಮಲಗಿರ್ಬೇಕು. ಕಿವಿ ಕೇಳುದಿಲ್ಲ ಅವಳಿಗೆ.”

“ಇಷ್ಟು ಬಡಿದ್ರೆ ಸತ್ತವರೂ—” ಎಂದವಳು ನಾಲಿಗೆ ಕಚ್ಚಿಕೊಂಡಳು. “ನಿಮ್ಮ ಸ್ಪೇರ್ ಕೀ ನನ್ನ ಹತ್ರ ಉಂಟು, ಆದ್ರೆ ಒಳಗಿನಿಂದ ಬೋಲ್ಟ್. ಪಕ್ಕದವರ ಬಾಲ್ಕನಿಯಿಂದ ಬಗ್ಗಿ ಬೆಡ್‌ರೂಮಿನ ಕಿಟಕಿಯಲ್ಲಿ ವಾಚ್‌ಮನ್ ನೋಡಿದ. ಪರದೆಯ ಸಂದಿಯಲ್ಲಿ ಕಾಣ್ತದಂತೆ. ಕೈ ಎದೆ ಮೇಲೆ ಇಟ್ಟು ಮಲಗಿದ್ದಾರಂತೆ, ಅಲುಗುದಿಲ್ಲಂತೆ. ನಾವು ಬಾಗಿಲು ಒಡೀತೇವೆ.”

ಲೈನ್ ಕಟ್ ಆಯಿತು. ಮತ್ತೆ ಹತ್ತಲಿಲ್ಲ.

ಅವಳು ಮಲಗುವ ರೀತಿ ನನಗೆ ಗೊತ್ತಿತ್ತು. ಗೊತ್ತಿದ್ದೂ ಹತ್ತದ ನಂಬರನ್ನೇ ಮತ್ತೆ ಮತ್ತೆ ಒತ್ತುತ್ತಿದ್ದೆ. ಎದುರಿಗೆ ನಿಂತಿದ್ದ ಕಾಲೇಜು ಹುಡುಗಿಯೊಬ್ಬಳು ನನ್ನ ಮಾತು ಕೇಳಿಸಿಕೊಂಡಿದ್ದಳು. “ಅಜ್ಜಿ, ನನಗೆ ಕನ್ನಡ ಥೋಡಾ ಥೋಡಾ ಬರ್ತದೆ. ನೀವು ಕೂತ್ಕೊ” ಎಂದು ಸೀಟಿನವರನ್ನು ಸರಿಸಿ ಕೂರಿಸಿದಳು. ಯಾರೋ ನೀರು ಕೊಟ್ಟರು. ಇನ್ನು ಯಾರೋ ಬೆನ್ನು ಸವರಿದರು. ಅವರಿಗೆ ನನ್ನ ಹೆಸರೂ ಗೊತ್ತಿಲ್ಲ. ಆ ನಿಂತ ರೈಲಿನಲ್ಲಿ ಕೂತು ನಾನು ಒಂದೇ ವಿಷಯ ಯೋಚಿಸುತ್ತಿದ್ದೆ: ಇಷ್ಟು ವರ್ಷ ಕಾದು ಸಿಕ್ಕಿದವಳು ಬರೀ ಒಂದೂವರೆ ತಿಂಗಳಿಗೆ ಸಿಕ್ಕಿದಳೇ? ಪ್ರಾರ್ಥನೆ ಮಾಡೋಣವೆಂದರೆ ತುಳಸಿಕಟ್ಟೆಯ ಶ್ಲೋಕವೂ ಕಾನ್ವೆಂಟಿನ ಹೇಲ್ ಮೇರಿಯೂ ಒಂದರೊಳಗೊಂದು ಸಿಕ್ಕಿಕೊಂಡು ಎರಡೂ ಮುಗಿಯಲಿಲ್ಲ.

ಮನೆ ಮುಟ್ಟಿದಾಗ ಬೋಲ್ಟ್ ಕಿತ್ತು ನೆಲದ ಮೇಲೆ ಬಿದ್ದಿತ್ತು. ಚೌಕಟ್ಟಿನ ಮರ ಸೀಳಿತ್ತು. ಒಳಗೆ ಮದುವೆಮನೆಯಷ್ಟು ಜನ. ನನ್ನ ಅಡುಗೆಮನೆಯಲ್ಲಿ ಮುಮ್ತಾಜ್ ಎಲ್ಲರಿಗೂ ಚಹಾ ಸೋಸುತ್ತಿದ್ದಳು. ಶಾಲಿನಿ ಮಂಚದ ಮೇಲೆ ನೈಟ್‌ಗೌನಿನಲ್ಲಿ, ಕಿವಿಗೆ ಮೆಶಿನ್ ಸಿಕ್ಕಿಸಿಕೊಂಡು, ವಿಚಾರಣೆಗೆ ಕೂತ ರಾಣಿಯ ಹಾಗೆ ನೆಟ್ಟಗೆ ಕೂತಿದ್ದಳು. ಅವಳ ಎರಡೂ ಪಾದಗಳನ್ನು ಶಕುಂತಲಾ ಇನ್ನೂ ಉಜ್ಜುತ್ತಲೇ ಇದ್ದಳು.

“ಅಕ್ಕ, ಇವರಿಗೆ ಹೇಳು, ನನ್ನ ಪಾದ ಬಿಸಿಯಾಗಿಯೇ ಇದೆ ಅಂತ” ಎಂದಳು ಶಾಲಿನಿ, ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ. ಕಾನ್ವೆಂಟಿನಲ್ಲಿ ಕಲಿತದ್ದು: ಸಿಟ್ಟು ಬಂದಷ್ಟೂ ದನಿ ತಗ್ಗಿಸಬೇಕು.

“ಕಣ್ಣು ತೆಗೆದವರೇ ಮೊದಲು ಎಂತ ಕೇಳಿದ್ರು ಗೊತ್ತುಂಟಾ ಟೀಚರೇ?” ಶಕುಂತಲಾ ಕಣ್ಣೀರು ಒರೆಸಿಕೊಳ್ಳುತ್ತ ನಗುತ್ತಿದ್ದಳು. “‘ನೀವೆಲ್ಲ ಚಪ್ಪಲಿ ಹೊರಗೆ ಬಿಟ್ಟಿದ್ದೀರಾ?’ ಅಂತ.”

ಜನ ಹೋದ ಮೇಲೆ ನಾವು ಪತ್ರೊಡೆ ತಿಂದೆವು. ಮುರಿದ ಬಾಗಿಲು ಗಾಳಿಗೆ ಹೊಡೆದುಕೊಳ್ಳುತ್ತಿತ್ತು, ಮರುದಿನ ಬಡಗಿ ಬಂದು ಹೊಸ ಬೋಲ್ಟ್ ಹಾಕುವವರೆಗೆ ಅದಕ್ಕೊಂದು ಸ್ಟೂಲ್ ಆನಿಸಿಟ್ಟಿದ್ದೆ.

“ಅಲ್ಲಿ ನನ್ನ ಬಾಗಿಲು ಒಡೀಬೇಕಾದ್ರೆ ಪೊಲೀಸ್ ಬರ್ಬೇಕು” ಎಂದಳು.

“ಇಲ್ಲಿ ನಿನಗೆ ಏನಾದ್ರೂ ಆದ್ರೆ ಹತ್ತು ನಿಮಿಷದಲ್ಲಿ ಗೊತ್ತಾಗ್ತದೆ ಶಾಲಿ. ಅದಕ್ಕೆ ಬೆಲೆ ಇಲ್ವಾ?”

“ಉಂಟು.” ಅವಳು ಬೆರಳು ನೆಕ್ಕಿಕೊಂಡಳು. “ಆದ್ರೆ ಸತ್ತದ್ದು ಬೇಗ ಗೊತ್ತಾಗುದು ಕ್ವಾಲಿಟಿ ಆಫ್ ಲೈಫ್ ಅಲ್ಲ ಅಕ್ಕ. ಬದುಕಿರುವಾಗ ಬಾಗಿಲು ಹಾಕಿಕೊಳ್ಳಿಕ್ಕೆ ಆಗ್ಬೇಕು.”

“ಹಾಕಿದ ಬಾಗಿಲನ್ನು ಯಾರಾದ್ರೂ ತಟ್ಟಬೇಕು ಸಹ.”

“ತಟ್ಟಲಿ. ಒಡೆಯುದು ಬೇಡ.”

ಇಬ್ಬರೂ ನಕ್ಕೆವು. ಆ ನಗುವಿನ ಅಡಿಯಲ್ಲಿ ಏನೋ ತಣ್ಣಗೆ ಹರಿದುಹೋಯಿತು. ನಮ್ಮಿಬ್ಬರ ಮಾತೂ ಸರಿಯಿತ್ತು, ತೊಂದರೆ ಅದೇ.

ಬಿಲ್ಡಿಂಗ್ ಅವಳನ್ನು ಆ ದಿನದಿಂದ ತನ್ನದಾಗಿ ಮಾಡಿಕೊಂಡಿತು. ಮೆಟ್ಟಿಲಿಳಿದರೆ ಒಬ್ಬರು ಮೊಣಕೈ ಹಿಡಿಯುತ್ತಿದ್ದರು, ಗೇಟಿನ ಬಳಿ ಇನ್ನೊಬ್ಬರು. ಮಾರ್ಕೆಟಿಗೆಂದು ಚೀಲ ಎತ್ತಿದರೆ “ಆಂಟೀ, ನಾನು ತರ್ತೇನೆ, ನೀವು ಕೂತ್ಕೊಳ್ಳಿ.” ಹೊರಗೆ ಫುಟ್‌ಪಾತ್ ಎಂಬುದು ಅಗೆದ ಕಲ್ಲು, ಪಾರ್ಕ್ ಮಾಡಿದ ಸ್ಕೂಟರು, ವಡಾಪಾವ್ ಗಾಡಿ. ಮಳೆ ನೀರಿನಡಿ ಗುಂಡಿ ಎಲ್ಲಿದೆಯೋ ತಿಳಿಯದು. ಜುಲೈಯಲ್ಲಿ ಅವಳು ಸ್ಟೇಷನ್‌ವರೆಗೆ ಒಬ್ಬಳೇ ಹೋಗಿ ಬರುತ್ತಿದ್ದಳು. ಆಗಸ್ಟಿನಲ್ಲಿ ಗೇಟಿನವರೆಗೆ. ಗಣಪತಿಯ ಹೊತ್ತಿಗೆ ಕುರ್ಚಿಯಿಂದ ಕಿಟಕಿಯವರೆಗೆ. ಯಾರೂ ಅವಳನ್ನು ತಡೆದಿರಲಿಲ್ಲ. ಎಲ್ಲರೂ ಅವಳನ್ನು ಪ್ರೀತಿಸಿದ್ದರು, ಅಷ್ಟೇ.

ಒಂದು ಬೆಳಿಗ್ಗೆ ಸ್ನಾನಕ್ಕೆ ಹೊರಟವಳು ಬಾತ್‌ರೂಮಿನ ಹೊಸ್ತಿಲಿನಲ್ಲಿ ನಿಂತು, ನೋಡದೆಯೇ, ಪಕ್ಕಕ್ಕೆ ಕೈ ಚಾಚಿದಳು. ಯಾರಾದರೂ ಹಿಡಿಯುತ್ತಾರೆ ಎಂದು. ನಾನು ಹೋಗಿ ಹಿಡಿದೆ. ಸೂಟ್‌ಕೇಸ್ ಹೊತ್ತು ಮೂರು ಮಹಡಿ ಹತ್ತಿದ್ದ ಕೈ ಅದು. ಹತ್ತಿಯಷ್ಟು ಹಗುರವಾಗಿತ್ತು. ಅವಳೂ ನೋಡಿಕೊಂಡಳು, ತನ್ನ ಕೈಯನ್ನು, ಬೇರೆ ಯಾರದೋ ಎಂಬ ಹಾಗೆ.

ಅವತ್ತು ಸಂಜೆ ಚಹಾದ ಹೊತ್ತಿಗೆ ಮಳೆ ಹೊಳವಾಗಿತ್ತು. ಮೋಡದ ಅಂಚಿನಿಂದ ಬೆಳಕು ಬಂದು ಎದುರಿನ ಬಿಲ್ಡಿಂಗಿನ ಪಾಚಿ ಗೋಡೆ ಮಖಮಲ್ಲಿನ ಹಾಗೆ ಹೊಳೆಯುತ್ತಿತ್ತು.

“ಅಲ್ಲಿ ನಾನು ಎಪ್ಪತ್ತನಾಲ್ಕು ವರ್ಷದ ಹೆಂಗಸು ಅಕ್ಕ” ಎಂದಳು. “ಇಲ್ಲಿ ನಾನು ಮುದುಕಿ.”

ನಾನು ಅವಳ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದೆ. ಹೇಳಲು ಬಹಳ ಇತ್ತು. ಈ ಚಹಾ, ಈ ಎರಡು ಕುರ್ಚಿ, ಬೆಳಿಗ್ಗೆ ಏಳುವಾಗ ಪಕ್ಕದ ಕೋಣೆಯಲ್ಲಿ ಇನ್ನೊಬ್ಬರ ಕೆಮ್ಮು. ಇದಕ್ಕೆ ಐವತ್ತು ವರ್ಷ ಕಾದಿದ್ದೆ. ‘ಇರು’ ಎಂದಿದ್ದರೆ ಅವಳು ಇರುತ್ತಿದ್ದಳು. ಇದ್ದು, ನನ್ನ ಕಣ್ಣೆದುರೇ, ಎಲ್ಲರ ಪ್ರೀತಿಯಲ್ಲಿ ಕರಗುತ್ತಿದ್ದಳು, ಚಹಾದಲ್ಲಿ ಅದ್ದಿದ ಬಿಸ್ಕೆಟಿನ ಹಾಗೆ.

“ನೀನು ಹೋಗು ಶಾಲಿ” ಎಂದೆ.

“ನೀನು ಬಾ ನನ್ನ ಒಟ್ಟಿಗೆ. ಬಾಗಿಲು ತೆರೆದೇ ಇಡ್ತೇನೆ, ಪ್ರಾಮಿಸ್.”

“ತೆರೆದಿಟ್ರೆ ಯಾರು ಬರ್ತಾರೆ ಅಲ್ಲಿ?”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಒಬ್ಬೊಬ್ಬರ ಮುಖ ನೆನೆದು. ಆಮೇಲೆ, “ಗಾಳಿ” ಎಂದಳು. ಇಬ್ಬರಿಗೂ ಎಷ್ಟು ನಗು ಬಂತೆಂದರೆ ಶಕುಂತಲಾ ಜಾಲರಿಗೆ ಮುಖ ಒತ್ತಿ “ಎಂತ ಜೋಕು, ನಮಗೂ ಹೇಳಿ” ಎಂದು ಕೇಳಿದಳು.

ವಾಪಸ್ ಹೋದ ಮೇಲಿನ ಎರಡನೆಯ ಚಳಿಗಾಲದಲ್ಲಿ ಶಾಲಿನಿ ಅಲ್ಲಿ ತೀರಿಕೊಂಡಳು. ನಿದ್ದೆಯಲ್ಲಿ. ಹಿಮ ಬಿದ್ದಿತ್ತಂತೆ. ಹೋಗಲು ನನಗೆ ಆಗಲಿಲ್ಲ. ಫೋನ್ ಮಾಡಿದವರು ಅವಳ ಎದುರು ಮನೆಯವರು. ಮೂವತ್ತು ವರ್ಷದಲ್ಲಿ ಅವರ ಬಗ್ಗೆ ಶಾಲಿನಿ ನನಗೆ ಹೇಳಿದ್ದು ‘ಒಳ್ಳೆಯವರು, ಮಾತಿಲ್ಲ’ ಎಂದಷ್ಟೇ. ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಹುಡುಕಿ ಆಕೆ ಹೇಳಿದರು: ಪ್ರತಿದಿನ ಬೆಳಿಗ್ಗೆ ಏಳಕ್ಕೆ ನಿಮ್ಮ ಸಿಸ್ಟರ್ ಕಿಟಕಿಯ ಶಟರ್ ಎತ್ತುತ್ತಿದ್ದರು. ಅದನ್ನು ನೋಡಿಯೇ ನಾನು ಕಾಫಿಗೆ ನೀರಿಡುತ್ತಿದ್ದೆ. ಅವತ್ತು ಶಟರ್ ಏಳಲಿಲ್ಲ. ಎಂಟರವರೆಗೆ ಕಾದೆ. ಆಮೇಲೆ ಹೋಗಿ ತಟ್ಟಿದೆ.

ಕಾಫಿಗೆ ನೀರಿಡುತ್ತಿದ್ದರಂತೆ. ಫೋನ್ ಇಟ್ಟ ಮೇಲೂ ಆ ಮಾತನ್ನೇ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಶಾಲಿನಿಗೆ ಇದು ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೂ ನನಗೆ ಹೇಳುತ್ತಿರಲಿಲ್ಲ, ನಾನು ವಾದದಲ್ಲಿ ಸೋತುಹೋಗುತ್ತೇನೆ ಎಂದು.

ಅವಳನ್ನು ನಾನು ಕೊನೆಯ ಸಲ ನೋಡಿದ್ದು ಸೆಪ್ಟೆಂಬರಿನ ಒಂದು ಬೆಳಿಗ್ಗೆ, ನಮ್ಮದೇ ಗೇಟಿನ ಎದುರು. ಏರ್‌ಪೋರ್ಟಿಗೆ ಬರುವುದು ಬೇಡ ಎಂದಿದ್ದಳು. “ವಾಪಸ್ ಬರುವಾಗ ನೀನು ಒಬ್ಬಳೇ ಆಗ್ತಿ. ಇಲ್ಲಿ ಎಲ್ಲರ ನಡುವೆ ನಿಂತು ಕಳಿಸು” ಎಂದು. ಅರ್ಧ ಬಿಲ್ಡಿಂಗ್ ಇಳಿದಿತ್ತು. ಮುಮ್ತಾಜ್ ಸಜ್ಜೆರೊಟ್ಟಿ ಕಟ್ಟಿ ತಂದಿದ್ದಳು. “ವಿಮಾನದಾಗ ಮಂದಿಗಿ ಕೊಡಬ್ಯಾಡ್ರೀ, ನೀವ ತಿನ್ರಿ” ಎಂದು ಚೀಲದೊಳಗೆ ತುರುಕಿದಳು. ಶಾಲಿನಿ ಎಲ್ಲರ ಕೈಗಳಿಂದ ಬಿಡಿಸಿಕೊಂಡು, ತಾನಾಗಿಯೇ, ನಿಧಾನವಾಗಿ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತಳು. ಕೂತು ಸೀಟ್‌ಬೆಲ್ಟ್ ಹುಡುಕತೊಡಗಿದಳು.

“ಪೀಛೆ ಕೋಯೀ ನಹೀ ಲಗಾತಾ, ಮಾಜೀ” ಎಂದ ಡ್ರೈವರ್.

“ಮೈ ಲಗಾತಾ” ಎಂದಳು ಶಾಲಿನಿ.

ಅವನು ಇಳಿದು ಬಂದು ಹಿಂದಿನ ಸೀಟಿನ ಹೂವಿನ ಕವರ್ ಎತ್ತಿದ. ಅದರಡಿ ಇನ್ನೊಂದು ಕವರ್, ಅದರಡಿ ಪ್ಲಾಸ್ಟಿಕ್. ಸಂದಿಯೊಳಗೆ ಮೊಣಕೈವರೆಗೆ ಕೈ ಹಾಕಿ ತಡಕಾಡಿದ. ಹಿಂದೆ ಒಂದು ರಿಕ್ಷಾ, ಅದರ ಹಿಂದೆ ಶಾಲೆಯ ವ್ಯಾನ್, ಹಾರ್ನ್ ಮೇಲೆ ಹಾರ್ನ್. ಶಕುಂತಲಾ “ಇರ್ಲಿ ಮಾರಾಯ್ರೇ, ಏರ್‌ಪೋರ್ಟ್ ಇಲ್ಲೇ ಉಂಟಲ್ಲ” ಎಂದಳು. ಶಾಲಿನಿ ಅಲುಗಲಿಲ್ಲ. ಕಡೆಗೆ ಧೂಳು ಹಿಡಿದ ಬಕಲ್ ಹೊರಗೆ ಬಂತು. ಅವಳು ಕರ್ಚೀಫಿನಿಂದ ಅದನ್ನು ಒರೆಸಿದಳು, ಬೆಲ್ಟನ್ನು ಎದೆಗೆ ಅಡ್ಡವಾಗಿ ಎಳೆದುಕೊಂಡಳು. ಡ್ರೈವರ್ ಸಹಾಯಕ್ಕೆ ಕೈ ಚಾಚಿದ. ನನ್ನ ಕೈಯೂ ಕಿಟಕಿಯೊಳಗೆ ಹೋಗಿತ್ತು. ಇಬ್ಬರ ಕೈಯನ್ನೂ ಅವಳು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

ಟ್ಯಾಕ್ಸಿ ಹೊರಟಾಗ ನಾನು ಕೈ ಎತ್ತಿದೆ. ಅವಳು ನೋಡಲಿಲ್ಲ. ಬೆನ್ನು ನೇರ ಮಾಡಿಕೊಂಡು, ತಲೆ ಬಗ್ಗಿಸಿ, ತಾನೇ ಬೆಲ್ಟ್ ಸಿಕ್ಕಿಸಿಕೊಳ್ಳುತ್ತಿದ್ದಳು.